ಮಜ್ದಾ ಎಂಎಕ್ಸ್-5: ಎಂಜಿನ್ ಆಮೇಲೆ ಕೇಳಿ, ಮೊದಲು ಸಿಲ್ ತಟ್ಟಿ ನೋಡಿ

ತೂಕ 940 ಕಿಲೋ. ಎಂಜಿನ್ 1,597 ಸಿಸಿ. ಶಕ್ತಿ 115 ಹಾರ್ಸ್‌ಪವರ್ ಆಸುಪಾಸು. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಏರಲು ಹತ್ತಿರ ಹತ್ತಿರ ಒಂಬತ್ತು ಸೆಕೆಂಡು. ಇವತ್ತಿನ ಎಷ್ಟೋ ಟರ್ಬೊ ಹ್ಯಾಚ್‌ಬ್ಯಾಕ್‌ಗಳು ನೇರ ರಸ್ತೆಯಲ್ಲಿ ಇದನ್ನು ಆರಾಮಾಗಿ ಹಿಂದಿಕ್ಕುತ್ತವೆ. ಅಂಕಿಗಳಲ್ಲಿ ಇಷ್ಟು ಸಪ್ಪೆಯಾದ ಮಜ್ದಾ ಎಂಎಕ್ಸ್-5 ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರುವರಿಯಲ್ಲಿ, ಶಿಕಾಗೊ ಮೋಟಾರು ಪ್ರದರ್ಶನದಲ್ಲಿ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹಿರೋಶಿಮಾದ ಕಾರ್ಖಾನೆಯಿಂದ ಹೊರಬಿತ್ತು. ಟಾಪ್ ಮಡಚುವ ಎರಡೇ ಸೀಟಿನ ರೋಡ್‌ಸ್ಟರ್‌ಗಳಲ್ಲಿ ಇಷ್ಟು ಮಾರಾಟವಾದದ್ದು ಇನ್ನೊಂದಿಲ್ಲ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಮೊದಲ ಎರಡು ತಲೆಮಾರಿನ ಬಗ್ಗೆ: ದೀಪಗಳು ಮೇಲೆದ್ದು ಬರುವ ಎನ್‌ಎ (1989ರಿಂದ 1997) ಮತ್ತು ದೀಪ ಕೂತಲ್ಲೇ ಇರುವ ಎನ್‌ಬಿ (1998ರಿಂದ 2005). ಹಗುರ ಕಾರಿನ ರುಚಿ ಏನು ಅಂತ ಕಡಿಮೆ ಖರ್ಚಿನಲ್ಲಿ ತಿಳಿಯಬೇಕಾದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಬೇಕಾದ್ದು ಇವೇ. ಆದರೆ ಹುಡುಕುವವರು ಸಾಮಾನ್ಯವಾಗಿ ನೋಡಬೇಕಾದ್ದನ್ನು ಬಿಟ್ಟು ಬೇರೆಲ್ಲ ನೋಡುತ್ತಾರೆ.

ಓಡಿಸುವ ಸುಖ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡೋಣ. ಎಂಜಿನ್ ಉದ್ದುದ್ದ ಕೂತಿದೆ, ಮುಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಸರಿದಿದೆ. ಬಲ ಹೋಗುವುದು ಹಿಂದಿನ ಚಕ್ರಕ್ಕೆ. ಚಾಲಕ ಕೂತಾಗ ತೂಕ ಮುಂದೆ ಅರ್ಧ, ಹಿಂದೆ ಅರ್ಧ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಮೇಲೊಂದು ಕೆಳಗೊಂದು ತೋಳು. ಇವೆಲ್ಲಕ್ಕಿಂತ ಜಾಣತನದ್ದು ಅಂದರೆ ಗೇರ್‌ಬಾಕ್ಸ್ ಮತ್ತು ಹಿಂದಿನ ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ನಡುವೆ ಬಿಗಿದಿರುವ ಅಲ್ಯೂಮಿನಿಯಂ ತೊಲೆ, ಪವರ್ ಪ್ಲಾಂಟ್ ಫ್ರೇಮ್. ಎಂಜಿನ್ನಿನಿಂದ ಡಿಫರೆನ್ಷಿಯಲ್‌ವರೆಗೆ ಎಲ್ಲ ಒಂದೇ ಗಟ್ಟಿ ಕಟ್ಟಾಗುವುದರಿಂದ ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ನಡುವೆ ಎಳೆದಾಟ, ಜಗ್ಗಾಟ ಇರುವುದಿಲ್ಲ. ಪಾದ ಅರ್ಧ ಬೆರಳು ಅಲುಗಿದರೂ ಕಾರು ಅಷ್ಟಕ್ಕೇ ಉತ್ತರ ಕೊಡುತ್ತದೆ. ಕುದುರೆ, ಸವಾರ ಒಂದೇ ಜೀವ ಅನ್ನುವ ಅರ್ಥದ ‘ಜಿನ್ಬಾ ಇತ್ತೈ’ ಎಂಬ ಜಪಾನಿ ಮಾತನ್ನು ಮಜ್ದಾದವರು ಜಾಹೀರಾತಿನಲ್ಲಿ ಸವೆಯುವಷ್ಟು ಬಳಸಿದ್ದಾರೆ. ಆದರೂ ಆ ಮಾತಿನಲ್ಲಿ ಸುಳ್ಳಿಲ್ಲ.

ಬಾನೆಟ್ ಅಲ್ಯೂಮಿನಿಯಂ. ಮೊದಲ 14 ಇಂಚಿನ ಏಳು ಕಡ್ಡಿಯ ಅಲಾಯ್ ಚಕ್ರ ಒಂದೊಂದು ಸುಮಾರು 5.5 ಕಿಲೋ ಮಾತ್ರ. ಟೈರು 185/60, ಅಂದರೆ ಇವತ್ತಿನ ಸಣ್ಣ ಕಾರಿನಷ್ಟೇ ಅಗಲ. ಕಾರಿನ ಹಿಡಿತದ ಮಿತಿ ತಗ್ಗಿನಲ್ಲೇ ಇರುವುದರಿಂದ ಆ ಮಿತಿಯ ಹತ್ತಿರ ಹೋಗುವುದಕ್ಕೆ ಜೀವ ಪಣಕ್ಕಿಡಬೇಕಿಲ್ಲ. 50-60 ಕಿ.ಮೀ. ವೇಗದ ಒಂದು ತಿರುವಿನಲ್ಲೇ ಮುಂಭಾರ, ಹಿಂಭಾರ ಹೇಗೆ ಸರಿದಾಡುತ್ತದೆ ಅಂತ ಸೀಟು ಹೇಳಿಕೊಡುತ್ತದೆ.

ಹಗುರವಾಗಿದ್ದರೆ ಬ್ರೇಕ್ ಪ್ಯಾಡು, ಟೈರು, ಕ್ಲಚ್ಚು ಎಲ್ಲ ಹೆಚ್ಚು ದಿನ ಬಾಳುತ್ತವೆ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಭಾರದ ಕಾರು ತನ್ನ ಹುಳುಕನ್ನು ತೂಕದಲ್ಲಿ, ಶಬ್ದ ತಡೆಯುವ ಹಾಸಿನಲ್ಲಿ ಮುಚ್ಚಿಕೊಳ್ಳುತ್ತದೆ. ಇದರಲ್ಲಿ ಮುಚ್ಚಿಕೊಳ್ಳಲು ಏನೂ ಇಲ್ಲ. ಸತ್ತ ಬುಷ್ (ಸಸ್ಪೆನ್ಷನ್ ಕೀಲಿನ ರಬ್ಬರ್), ಗಟ್ಟಿಯಾದ ಟೈರು, ಗಾಳಿಯಲ್ಲಿ ನಾಲ್ಕು ಪಿಎಸ್‌ಐ ಏರುಪೇರು, ಎಲ್ಲವೂ ನೇರ ಕೈಗೆ ಬರುತ್ತವೆ. ಒಮ್ಮೆ ಓಡಿಸಿ “ಇದೇನು ಮಹಾ” ಅಂದವರು ಬಹುಪಾಲು ಓಡಿಸಿರುವುದು ಇಂಥ ದಣಿದ ಕಾರನ್ನೇ.

ಈಗ ತುಕ್ಕು. ಈ ಕಾರನ್ನು ಕೊಲ್ಲುವುದು ಎಂಜಿನ್ ಅಲ್ಲ, ನೀರು. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆ ಹಿಂದಿನ ಅಂಚಿನ ಪ್ಲಾಸ್ಟಿಕ್ ದೋಣಿಗೆ ಇಳಿದು, ಎರಡೂ ಸೀಟಿನ ಹಿಂದೆ ಮೂಲೆಯಲ್ಲಿರುವ ಡ್ರೈನ್ ಕೊಳವೆಗಳಿಗೆ ಹೋಗಿ, ಹಿಂದಿನ ಚಕ್ರದ ಮುಂಭಾಗದಲ್ಲಿ ಕಾರಿನ ತಳದಿಂದ ಹೊರಬೀಳಬೇಕು. ಎಲೆಚೂರು, ಮಣ್ಣು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ನಿಲ್ಲುತ್ತದೆ. ಬಾಗಿಲ ಕೆಳಗಿನ ಆ ಡಬ್ಬಿಯಂಥ ಭಾಗವೇ ಟಾಪ್ ಇಲ್ಲದ ಕಾರಿನ ಬೆನ್ನೆಲುಬು. ಅಲ್ಲಿ ಎರಡು ಮೂರು ಪದರ ತಗಡು ಇದೆ, ಕೊಳೆಯುವುದು ಒಳಗಿನಿಂದ. ಹೊರಗೆ ಬಣ್ಣದಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಕಂಡಿತು ಅಂದರೆ ಒಳಗಿನ ಪದರ ಅಷ್ಟು ಹೊತ್ತಿಗೆ ಹೋಗಿದೆ ಅಂತಲೇ ತಿಳಿಯಬೇಕು. ಮೇಲೆ ಥಳುಕು ಒಳಗೆ ಹುಳುಕು ಅನ್ನುವ ಮಾತು ಈ ಕಾರಿನ ಸಿಲ್‌ಗಾಗಿಯೇ ಹುಟ್ಟಿದಂತಿದೆ.

ಪರೀಕ್ಷೆ ಸುಲಭ. ಮೂಲೆಯ ಡ್ರೈನ್ ಬಾಯಿಗೆ ಅರ್ಧ ಲೀಟರ್ ನೀರನ್ನು ನಿಧಾನ ಹೊಯ್ದು, ಹಿಂದಿನ ಚಕ್ರದ ಮುಂದೆ ಬಗ್ಗಿ ನೋಡಬೇಕು. ಕೆಲವೇ ಸೆಕೆಂಡಿನಲ್ಲಿ ಸಲೀಸಾಗಿ ಸುರಿದರೆ ಸರಿ. ಹನಿ ಹನಿಯಾಗಿ ತೊಟ್ಟಿಕ್ಕಿದರೆ, ಅಥವಾ ಬರದೇ ಹೋದರೆ, ಕಟ್ಟಿದೆ. ಬಂದ ನೀರು ಕೆಂಪಗಿದ್ದರೆ ಇನ್ನೇನೂ ಹೇಳಬೇಕಾಗಿಲ್ಲ. ಕಟ್ಟಿದ್ದನ್ನು ಬಿಡಿಸಲು ಚೂಪಾದ ಕಂಬಿ ಹಾಕಿದರೆ ಕೊಳವೆಯೇ ತೂತಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರದ ತುದಿಯನ್ನು ಸ್ವಲ್ಪ ಕಾಯಿಸಿ ಮೊಂಡು ಮಾಡಿ ಇಳಿಸಿದರೆ ಸಾಕು. ಆಮೇಲೆ ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಕೈಯಾಡಿಸಿ. ಒದ್ದೆ ಇದ್ದು ಡ್ರೈನ್ ಚೊಕ್ಕಟವಾಗಿದ್ದರೆ ಸೀಳಿರುವುದು ಆ ಪ್ಲಾಸ್ಟಿಕ್ ದೋಣಿ.

ಸಿಲ್‌ನ ಹಿಂತುದಿಯನ್ನು ಗೆಣ್ಣಿನಿಂದ ತಟ್ಟುತ್ತ ಬಂದರೆ ಗಟ್ಟಿ ತಗಡು ಠಣ್ ಅನ್ನುತ್ತದೆ, ಪುಟ್ಟಿ ತುಂಬಿದ ಜಾಗ ಮೊಂಡಾಗಿ ಸದ್ದು ಮಾಡುತ್ತದೆ. ಅನುಮಾನ ಇದ್ದರೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನೋಡಿ. ಪುಟ್ಟಿಗೆ ಅದು ಅಂಟುವುದಿಲ್ಲ. ಎನ್‌ಬಿಯಲ್ಲಿ ಇಷ್ಟೇ ಸಾಲದು. ಅದರ ಮುಂದಿನ ಚಾಸಿ ಕಾಲುಗಳೊಳಗೆ, ಅಂದರೆ ತಳದಲ್ಲಿ ಮುಂದಕ್ಕೆ ಚಾಚಿದ ಎರಡು ತೊಲೆಗಳೊಳಗೆ, ಬಲಕ್ಕೆಂದು ಇನ್ನೊಂದು ತಗಡು ಸೇರಿಸಿದ್ದಾರೆ. ಎರಡರ ನಡುವೆ ಹೊಕ್ಕ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ತಳದ ಪ್ಲಾಸ್ಟಿಕ್ ತಟ್ಟೆ ಬಿಚ್ಚದೆ ಇದು ಕಾಣುವುದೂ ಇಲ್ಲ. ಬಿಚ್ಚಲು ಬಿಡದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬರುವುದೇ ವಾಸಿ.

ಇನ್ನು ಜಾಕ್ ಎಲ್ಲೆಂದರಲ್ಲಿ ಕೊಡಬಾರದು. ಸಿಲ್ ಅಂಚಿನಲ್ಲಿ ಗುರುತು ಮಾಡಿದ ಜಾಗ ಬಿಟ್ಟರೆ, ಮುಂದೆ ಕ್ರಾಸ್‌ಮೆಂಬರ್ ಅನ್ನುವ ಅಡ್ಡತೊಲೆಗೆ, ಹಿಂದೆ ಡಿಫರೆನ್ಷಿಯಲ್‌ಗೆ ಮರದ ತುಂಡು ಕೊಟ್ಟು ಎತ್ತಬೇಕು. ಕೊಳೆತ ಸಿಲ್‌ಗೆ ಜಾಕ್ ಕೊಟ್ಟರೆ ಕಾರು ಏಳುವ ಬದಲು ಜಾಕ್ ಒಳಗೆ ಹೋಗುತ್ತದೆ.

ಟಾಪ್ ಮಡಚುವಾಗ ಎನ್‌ಎದಲ್ಲಿ ಮಾಡುವ ಸಾಮಾನ್ಯ ತಪ್ಪು ಒಂದಿದೆ. ಹಿಂದಿನ ಕಿಟಕಿ ಪ್ಲಾಸ್ಟಿಕ್. ಮೊದಲು ಜಿಪ್ ಬಿಚ್ಚಿ ಅದನ್ನು ಮಟ್ಟಸ ಮಲಗಿಸಿ, ಆಮೇಲೆ ಚೌಕಟ್ಟು ಇಳಿಸಬೇಕು. ಜಿಪ್ ಬಿಚ್ಚದೆ ಇಳಿಸಿದರೆ ಮಡಿಕೆ ಬಿದ್ದ ಜಾಗ ಬೆಳ್ಳಗಾಗಿ, ಒಂದು ತಣ್ಣನೆ ಬೆಳಿಗ್ಗೆ ಸೀಳುತ್ತದೆ. ಎನ್‌ಬಿಯಲ್ಲಿ ಗಾಜು ಬಂತು, ಈ ರಗಳೆ ಇಲ್ಲ. ಎನ್‌ಎಗೆ ಹೊಸ ಟಾಪ್ ಹಾಕಿಸುವವರು ಗಾಜಿನ ಕಿಟಕಿಯದ್ದನ್ನೇ ಹಾಕಿಸುವುದು ಒಳ್ಳೆಯದು.

ಎಂಜಿನ್ ಬಗ್ಗೆ ಹೆದರಿಕೆ ಬೇಡ. ಎರಕದ ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ಎರಡು ಕ್ಯಾಮ್‌ಶಾಫ್ಟ್, 16 ವಾಲ್ವು. ಫಿಲ್ಟರ್ ಸೇರಿ ಮೂರೂವರೆ ಲೀಟರ್ ಆಸುಪಾಸು ಆಯಿಲ್ ಹಿಡಿಯುತ್ತದೆ, ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತದೆ. ಎನ್‌ಎಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಟಕ ಟಕ ಅನ್ನುವುದು ವಾಲ್ವುಗಳನ್ನು ಒತ್ತುವ ಹೈಡ್ರಾಲಿಕ್ ಲಿಫ್ಟರ್. ಹಳೆಯ ಆಯಿಲ್ ಅಂಟಂಟಾಗಿ ಅವುಗಳ ಸಣ್ಣ ರಂಧ್ರ ಕಟ್ಟಿದಾಗ ಹೀಗಾಗುತ್ತದೆ. ಬೇಗ ಬೇಗ ಎರಡು ಮೂರು ಬಾರಿ ಆಯಿಲ್ ಬದಲಿಸಿದರೆ ಹೆಚ್ಚಿನವು ಸುಮ್ಮನಾಗುತ್ತವೆ.

ಕ್ರ್ಯಾಂಕ್‌ಶಾಫ್ಟ್‌ನಿಂದ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವ ಟೈಮಿಂಗ್ ಬೆಲ್ಟನ್ನು ಸುಮಾರು 1 ಲಕ್ಷ ಕಿ.ಮೀ.ಗೆ ಬದಲಿಸಬೇಕು, ಓಡದೇ ನಿಂತ ಕಾರಾದರೆ ವಯಸ್ಸು ನೋಡಿ ಬದಲಿಸಬೇಕು. ಎನ್‌ಎ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್‌ಗೆ ಬಡಿಯುವುದಿಲ್ಲ, ರಸ್ತೆ ಬದಿಯಲ್ಲಿ ನಿಲ್ಲುತ್ತೀರಿ ಅಷ್ಟೆ. ವಾಟರ್ ಪಂಪ್ ತಿರುಗುವುದು ಆಲ್ಟರ್ನೇಟರ್ ಬೆಲ್ಟಿನಿಂದ, ಆದರೆ ಅದನ್ನು ಬಿಚ್ಚಬೇಕಾದರೆ ಟೈಮಿಂಗ್ ಬೆಲ್ಟ್ ತೆಗೆಯಲೇಬೇಕು. ಹಾಗಾಗಿ ಪಂಪು, ಟೆನ್ಷನರ್, ಐಡ್ಲರ್, ಎರಡು ಕ್ಯಾಮ್ ಸೀಲು, ಮುಂದಿನ ಕ್ರ್ಯಾಂಕ್ ಸೀಲು ಎಲ್ಲ ಒಂದೇ ಸಲಕ್ಕೆ ಮುಗಿಸಬೇಕು. ಬೆಲ್ಟ್ ಹಾಕಿದ ಮೇಲೆ ಎರಡು ಕ್ಯಾಮ್ ಚಕ್ರಗಳ ಗುರುತಿನ ನಡುವೆ ಬೆಲ್ಟಿನ 19 ಹಲ್ಲು ಇರಬೇಕು. 18 ಅಥವಾ 20 ಬಂದರೆ ಒಂದು ಹಲ್ಲು ಜಾರಿದೆ. ಬಿಗಿ ಕೊಡುವಾಗ ಕ್ರ್ಯಾಂಕನ್ನು ಒಂದು ಪೂರ್ತಿ ಸುತ್ತು, ಮೇಲೆ ಆರರಲ್ಲಿ ಐದು ಪಾಲು ತಿರುಗಿಸಿ, ಟೆನ್ಷನರ್ ಬೋಲ್ಟ್ ಸಡಿಲಿಸಿ, ಸ್ಪ್ರಿಂಗ್ ತಾನೇ ಎಳೆದುಕೊಂಡ ಮೇಲೆ ಬಿಗಿಯಬೇಕು. ಈ ಸುತ್ತು ಬಿಟ್ಟವರ ಬೆಲ್ಟ್ ಒಂದೋ ಕೂಗುತ್ತದೆ, ಇಲ್ಲ ಸಡಿಲವಾಗಿ ಬಡಿಯುತ್ತದೆ.

1991ರ ನಡುವಿನವರೆಗಿನ 1.6 ಎಂಜಿನ್‌ಗಳಿಗೆ ಇನ್ನೊಂದು ತಪಾಸಣೆ. ಅವುಗಳ ಕ್ರ್ಯಾಂಕ್‌ಶಾಫ್ಟ್‌ನ ಮೂಗು ಗಿಡ್ಡ. ಬೆಲ್ಟ್ ಕೆಲಸದ ನಂತರ ಮುಂದಿನ ದೊಡ್ಡ ಬೋಲ್ಟನ್ನು ಸರಿಯಾದ ಟಾರ್ಕಿಗೆ ಬಿಗಿಯದಿದ್ದರೆ ಪುಲ್ಲಿ ಅಲುಗಾಡಿ, ಅದನ್ನು ಹಿಡಿದಿಡುವ ಕೀ (ಸಣ್ಣ ಲೋಹದ ತುಂಡು) ಕೂರುವ ತೋಡನ್ನೇ ತಿಂದುಹಾಕುತ್ತದೆ. ಟೈಮಿಂಗ್ ತಪ್ಪಿ ಎಂಜಿನ್ ಸತ್ವ ಕಳೆದುಕೊಳ್ಳುತ್ತದೆ. ಕೊನೆಗೆ ಕ್ರ್ಯಾಂಕೇ ಬದಲಿಸಬೇಕು. ಗುರುತು ಹಿಡಿಯುವುದು ಹೀಗೆ: ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳಿದ್ದರೆ ಗಿಡ್ಡ ಮೂಗು, ಎಂಟಿದ್ದರೆ ಉದ್ದ ಮೂಗು. ಎಂಜಿನ್ ಓಡುವಾಗ ಪುಲ್ಲಿಯನ್ನು ಪಕ್ಕದಿಂದ ದಿಟ್ಟಿಸಿ. ಅದು ಓಲಾಡುತ್ತಿದ್ದರೆ ಬೆಲೆ ಚೌಕಾಸಿ ಮಾಡುವ ಅಗತ್ಯವೂ ಇಲ್ಲ, ಎದ್ದು ಬನ್ನಿ.

“ಹಿಂದಿನ ಮೇನ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು” ಅಂತ ಯಾರಾದರೂ ಮೆಕ್ಯಾನಿಕ್ ಹೇಳಿದರೆ ಕೂಡಲೇ ಒಪ್ಪಬೇಡಿ. ಮೇನ್ ಸೀಲ್ ಅಂದರೆ ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಯಲ್ಲಿ ಆಯಿಲ್ ತಡೆಯುವ ಸೀಲು. ಎನ್‌ಎ ಹೆಡ್ಡಿನ ಹಿಂತುದಿಯಲ್ಲಿ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಗೆ (ಫೈರ್‌ವಾಲ್) ಮುಖ ಮಾಡಿ, ಕ್ಯಾಮ್ ಆ್ಯಂಗಲ್ ಸೆನ್ಸರ್ ಇದೆ. ಅದರೊಳಗಿನ ಒಂದು ರಬ್ಬರ್ ಓರಿಂಗ್ ವರ್ಷಗಳ ಶಾಖಕ್ಕೆ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಆಯಿಲ್ ಅಲ್ಲಿಂದ ಇಳಿದು ಬೆಲ್‌ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ತುದಿಯಲ್ಲಿ ತೊಟ್ಟಿಕ್ಕುತ್ತದೆ, ಥೇಟ್ ಮೇನ್ ಸೀಲ್ ಸೋರಿದ ಹಾಗೆ. ಸೆನ್ಸರ್ ಕೆಳಗೆ ಬೆರಳು ಹಾಕಿ ನೋಡಿ. ಒದ್ದೆಯಿದ್ದರೆ ರೋಗ ಅದೇ. ಬಿಚ್ಚುವ ಮುನ್ನ ಸೆನ್ಸರ್‌ಗೂ ಹೆಡ್ಡಿಗೂ ಸೇರಿಸಿ ಒಂದು ಗೆರೆ ಗೀರಿಕೊಳ್ಳಿ, ಏಕೆಂದರೆ ಅದನ್ನು ತಿರುಗಿಸಿದರೆ ಇಗ್ನಿಷನ್ ಟೈಮಿಂಗ್ ಬದಲಾಗುತ್ತದೆ. ಹಳೆ ಓರಿಂಗನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಹೊಸದಕ್ಕೆ ಆಯಿಲ್ ಸವರಿ ಕೂರಿಸಿ, ಗೆರೆಗೆ ಗೆರೆ ಸೇರಿಸಿ ಬಿಗಿಯಿರಿ. ಟೈಮಿಂಗ್ ಲೈಟ್ ಇದ್ದರೆ ಡಯಾಗ್ನಾಸ್ಟಿಕ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ತೂತುಗಳನ್ನು ತಂತಿಯಿಂದ ಜೋಡಿಸಿ, ಐಡಲ್‌ನಲ್ಲಿ 10 ಡಿಗ್ರಿ ಬರುತ್ತದೆಯೇ ನೋಡಿಬಿಡಿ.

ರೇಡಿಯೇಟರ್‌ನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಹೊಸದರಲ್ಲಿ ಕಪ್ಪು. ಕಂದುಹಸಿರಿಗೆ ತಿರುಗಿದ್ದರೆ ಸದ್ಯದಲ್ಲೇ ಸೀಳುತ್ತದೆ. ಭಾರ ಎಳೆಯುವಾಗ ಎಂಜಿನ್ ತಡವರಿಸಿದರೆ ಪ್ಲಗ್‌ಗಳಿಗೆ ಕಿಡಿ ಕೊಡುವ ಕಾಯಿಲ್ ಪ್ಯಾಕ್ ಕೊಳ್ಳುವ ಮೊದಲು ಪ್ಲಗ್ ವೈರ್ ಬದಲಿಸಿ ನೋಡಿ. ಹತ್ತರಲ್ಲಿ ಎಂಟು ಸಲ ಅಷ್ಟಕ್ಕೇ ಮುಗಿಯುತ್ತದೆ ಅನ್ನಬಹುದು.

ಕ್ಲಚ್ ಪೆಡಲ್ ದಿಢೀರನೆ ಕೆಳಗೆ ಕೂತುಬಿಟ್ಟರೆ ಕ್ಲಚ್ ಪ್ಲೇಟಿನ ಮೇಲೆ ಅನುಮಾನ ಬೇಡ. ಗೇರ್‌ಬಾಕ್ಸ್ ಪಕ್ಕದಲ್ಲಿ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ನ ರಬ್ಬರ್ ತೊಪ್ಪಿ ಹಿಂದಕ್ಕೆ ಸರಿಸಿ. ಒಳಗೆ ಒದ್ದೆಯಿದ್ದರೆ ಸೀಲ್ ಹೋಗಿದೆ. ಎರಡು ಬೋಲ್ಟಿನ ಕೆಲಸ. ಮೇಲಿನ ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಬದಲಿಸುವುದು ಲೇಸು. ಸ್ಲೇವ್ ಹೊಸದಾದ ಮೇಲೆ ಹಳೆ ಮಾಸ್ಟರ್ ಸಾಮಾನ್ಯವಾಗಿ ಬಹಳ ದಿನ ತಡೆಯುವುದಿಲ್ಲ.

ಗೇರ್ ಬದಲಿಸುವುದು ಈ ಕಾರಿನ ಅರ್ಧ ಸುಖ. ಮಣಿಕಟ್ಟು ಅಲುಗಿದಷ್ಟಕ್ಕೇ ಮುಂದಿನ ಗೇರು. ಅದು ಅಂಟಂಟಾಗಿದ್ದರೆ ನೋಡಬೇಕಾದ ಜಾಗ ಎರಡು. ಗೇರ್‌ಬಾಕ್ಸ್‌ನಲ್ಲಿ 75ಡಬ್ಲ್ಯೂ-90 ಜಿಎಲ್-4 ದರ್ಜೆಯ ಆಯಿಲ್ 2 ಲೀಟರ್ ಇರಬೇಕು. ಆಯಿಲ್ ಇಳಿಸುವ ಕೆಳಗಿನ ಪ್ಲಗ್ ಬಿಚ್ಚುವ ಮೊದಲು ಆಯಿಲ್ ತುಂಬುವ ಮೇಲಿನ ಪ್ಲಗ್ ಬಿಚ್ಚಿ ನೋಡಿಕೊಳ್ಳಿ. ಇರುವ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ಬರಲೊಲ್ಲೆ ಅಂದರೆ ಕಾರು ಅಲ್ಲೇ ಉಳಿಯಿತು. ಎರಡನೆಯದು ಗೇರ್ ಕಡ್ಡಿಯ ಬುಡದ ಬಟ್ಟಲು. ಅದಕ್ಕೆ ಬೇರೆಯದೇ ಆಯಿಲು, 80 ಮಿ.ಲೀ. ಆಸುಪಾಸು. ಕನ್ಸೋಲ್ ತೆಗೆದು ಕಡ್ಡಿ ಎತ್ತಿದರೆ ಒಣಗಿ ಕೂತಿರುತ್ತದೆ, ಯಾರೂ ನೋಡಿರುವುದಿಲ್ಲ. ಅಲ್ಲಿರುವ ಚಿಕ್ಕ ರಬ್ಬರ್ ಬೂಟು ಹರಿದಿದ್ದರೆ ಗೇರ್ ಆಯಿಲ್ ವಾಸನೆ, ಬಿಸಿಗಾಳಿ ನೇರ ಕ್ಯಾಬಿನ್‌ಗೆ ಬರುತ್ತದೆ. ತಣ್ಣಗಿರುವಾಗ ಎರಡನೇ ಗೇರ್ ಸ್ವಲ್ಪ ತಡೆಯುವುದು ಇವುಗಳ ಜಾಯಮಾನ. ಬಿಸಿಯಾದ ಮೇಲೂ ಕರಕರ ಅಂದರೆ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಉಂಗುರ) ಸವೆದಿದೆ.

ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವಾಗ ಬಹಳ ಜನ ಕ್ಯಾಲಿಪರ್ ಹಾಳುಮಾಡುತ್ತಾರೆ. ಹ್ಯಾಂಡ್‌ಬ್ರೇಕ್‌ನ ಸ್ಕ್ರೂ ಒಳಗೇ ಇರುವುದರಿಂದ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಿದರೆ ಹಿಂದೆ ಹೋಗುವುದಿಲ್ಲ. ಕ್ಯಾಲಿಪರ್ ಹಿಂಬದಿಯಲ್ಲಿ 14 ಮಿ.ಮೀ. ತಲೆಯ ಮುಚ್ಚಳ ಬೋಲ್ಟ್ ಬಿಚ್ಚಿದರೆ ಒಳಗೆ ಎಲನ್ ಕೀ ಕೂರುವ ಸ್ಕ್ರೂ ಸಿಗುತ್ತದೆ. ಗಡಿಯಾರಕ್ಕೆ ಎದುರಾಗಿ ತಿರುಗಿಸಿದರೆ ಪಿಸ್ಟನ್ ಒಳಗೆ ಸರಿಯುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಚಕ್ರ ಬಿಗಿಯುವವರೆಗೂ ಗಡಿಯಾರದ ದಿಕ್ಕಿಗೆ ತಿರುಗಿಸಿ, ಮೂರನೇ ಒಂದು ಸುತ್ತು ಹಿಂದೆ ಬಿಡಬೇಕು. ಹ್ಯಾಂಡ್‌ಬ್ರೇಕ್ ಕೇಬಲ್‌ಗೆ ಕೈ ಹಾಕುವುದು ಇದಾದ ಮೇಲೆ. ಈ ಹೊಂದಾಣಿಕೆ ಬಿಟ್ಟು ಬರೀ ಕೇಬಲ್ ಬಿಗಿದರೆ ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಇಲ್ಲ, ಚಕ್ರ ಪೂರ್ತಿ ಬಿಡುವುದೂ ಇಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ಬ್ರೇಕ್ ಗ್ರೀಸ್ ಸವರಿ.

ಸಸ್ಪೆನ್ಷನ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಅಲೈನ್‌ಮೆಂಟ್ ಬೋಲ್ಟುಗಳು ತಿರುಗುತ್ತವೆಯೇ? ನಾಲ್ಕೂ ಮೂಲೆಯ ಕೆಳತೋಳುಗಳಲ್ಲಿ, ತಿರುಗಿಸಿದರೆ ಚಕ್ರದ ಕೋನ ಬದಲಾಗುವ ಕ್ಯಾಮ್ ಬೋಲ್ಟುಗಳಿವೆ. ಅವು ಬುಷ್‌ನ ಒಳಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಅಲೈನ್‌ಮೆಂಟ್ ಆಗುವುದೇ ಇಲ್ಲ, ಕತ್ತರಿಸಿ ತೆಗೆಯಬೇಕು. ಹೊಸ ರಬ್ಬರ್ ಬುಷ್ ಹಾಕಿದವರು ಕಾರನ್ನು ಜಾಕ್ ಮೇಲೆ ನೇತುಹಾಕಿಯೇ ಬೋಲ್ಟ್ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೊನೆಯ ಬಿಗಿ ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ. ರಸ್ತೆಗೆ ಮುಂದೆ 1 ಡಿಗ್ರಿ, ಹಿಂದೆ 1.5 ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು), ಹಿಂದೆ ಒಂದಿಷ್ಟು ಟೋ-ಇನ್ (ಚಕ್ರಗಳ ಮುಂದಂಚು ಒಳಕ್ಕೆ ತಿರುಗಿರುವುದು) ಚೆನ್ನಾಗಿ ಹೊಂದುತ್ತದೆ. ಟೈರಿಗೆ 26 ಪಿಎಸ್‌ಐ ಸಾಕು. ಪೆಟ್ರೋಲ್ ಬಂಕಿನಲ್ಲಿ ಅಭ್ಯಾಸಬಲದಿಂದ 32-33 ತುಂಬಿದರೆ ಕಾರು ಕುಪ್ಪಳಿಸುತ್ತದೆ, ಅಪವಾದ ಮಾತ್ರ ಸಸ್ಪೆನ್ಷನ್ ಮೇಲೆ ಬರುತ್ತದೆ. 17 ಇಂಚಿನ ಭಾರದ ಚಕ್ರ ಹಾಕಿದ ಕಾರುಗಳು ಫೋಟೊಗೆ ಚೆಂದ, ಓಡಿಸಲು ದಂಡ.

ಬ್ಯಾಟರಿ ಡಿಕ್ಕಿಯಲ್ಲಿದೆ. ಮೂಲದ್ದು ಆಸಿಡ್ ಚೆಲ್ಲದಂತೆ ಸೀಲ್ ಮಾಡಿದ ಎಜಿಎಂ ಬಗೆಯದು, ಗಾಳಿ ಕೊಳವೆ ಸಹಿತ. ಅಗ್ಗಕ್ಕೆ ಸಾಧಾರಣ ಆಸಿಡ್ ಬ್ಯಾಟರಿ ಇಟ್ಟವರ ಡಿಕ್ಕಿಯ ನೆಲ ಆಸಿಡ್ ಹಬೆಗೆ ತುಕ್ಕು ಹಿಡಿದಿರುತ್ತದೆ. ಮೇಲೇಳುವ ದೀಪ ಒಂದು ಏಳದೆ ಕಣ್ಣು ಹೊಡೆದಂತೆ ನಿಂತರೆ, ಬಾನೆಟ್ ತೆಗೆದು ದೀಪದ ಮೋಟರಿನ ರಬ್ಬರ್ ತೊಪ್ಪಿ ಕೆಳಗಿನ ಗುಂಡಿಯನ್ನು ಕೈಯಲ್ಲೇ ತಿರುಗಿಸಿ ಎತ್ತಬಹುದು.

ದಿನನಿತ್ಯಕ್ಕೆ? ಆರಡಿ ಮೀರಿದವರ ತಲೆ ಟಾಪ್‌ಗೆ ತಾಗುತ್ತದೆ. ಸೀಟಿನ ಫೋಮ್ ಕೆತ್ತಿ ತಗ್ಗಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಡಿಕ್ಕಿಗೆ ಎರಡು ಮೆತ್ತನೆ ಚೀಲ, ಗಟ್ಟಿ ಸೂಟ್‌ಕೇಸ್ ಹಿಡಿಯುವುದಿಲ್ಲ. ಐದನೇ ಗೇರಿನಲ್ಲಿ 100 ಕಿ.ಮೀ. ವೇಗಕ್ಕೇ ಎಂಜಿನ್ 3,200 ಸುತ್ತಿನ ಹತ್ತಿರ ತಿರುಗುತ್ತಿರುತ್ತದೆ, ಹೆದ್ದಾರಿಯಲ್ಲಿ ಮೂರು ಗಂಟೆ ಕಳೆದರೆ ಕಿವಿ ಗುಂಯ್ ಅನ್ನುತ್ತದೆ. ಹೊಂಡಕ್ಕೆ ಬಿದ್ದಾಗ ಡ್ಯಾಶ್‌ಬೋರ್ಡ್ ನಡುಗುವುದು ದೋಷವಲ್ಲ, ಚಾವಣಿ ಇಲ್ಲದ ಕಾರಿನ ಸಹಜ ಗುಣ.

ಆಯ್ಕೆಯಲ್ಲಿ ನಮ್ಮ ಒಲವು 1994ರ ನಂತರದ 1.8 ಎನ್‌ಎಗೆ. ಎಂಜಿನ್ 1,839 ಸಿಸಿ, ಮುಂದಿನ ಬ್ರೇಕ್ ಡಿಸ್ಕ್ 235ರಿಂದ 255 ಮಿ.ಮೀ.ಗೆ ಏರಿತು, ಡಿಫರೆನ್ಷಿಯಲ್ ಗಟ್ಟಿಯಾಯಿತು, ಚಾಸಿಗೆ ಹೆಚ್ಚಿನ ಬಿಗಿ ಬಂತು. 1.6ರ ಎಂಜಿನ್ ಮೇಲಕ್ಕೆ ತಿರುಗುವ ಹುಮ್ಮಸ್ಸು ಇದರಲ್ಲಿ ಸ್ವಲ್ಪ ಕಡಿಮೆ, ಅದನ್ನು ಒಪ್ಪಲೇಬೇಕು. ಲೋಟಸ್ ಎಲಿಸ್ ಬೇಕು ಅನ್ನುವವರೂ ಇದ್ದಾರೆ. ಅಂಟು ಹಾಕಿ ಜೋಡಿಸಿದ ಅಲ್ಯೂಮಿನಿಯಂ ಚಾಸಿಯ ಅದು ಇನ್ನೂ ಇನ್ನೂರು ಕಿಲೋ ಹಗುರ, ಸ್ಟೀರಿಂಗ್ ಇನ್ನೂ ಚುರುಕು. ಆದರೆ ಮುಂದಿನ ಮೈ ಒಂದೇ ದೊಡ್ಡ ಫೈಬರ್ ತುಂಡು. ಪಾರ್ಕಿಂಗ್‌ನಲ್ಲಿ ಒಂದು ಮೂಲೆ ಒಡೆದರೂ ಇಡೀ ತುಂಡಿನ ಕೆಲಸ. ಮೊದಲ ಸರಣಿಯ ರೋವರ್ ಕೆ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಕತೆ ಎಲ್ಲರಿಗೂ ಗೊತ್ತು.

ಹಳೆ ಕಾರಿನ ಸಹವಾಸವೇ ಬೇಡ ಅನ್ನುವವರಿಗೆ 2015ರಿಂದ ಬಂದ ನಾಲ್ಕನೇ ತಲೆಮಾರಿನ ಎನ್‌ಡಿ ಇದೆ. ಮೂವತ್ತು ವರ್ಷದ ಸುರಕ್ಷತಾ ನಿಯಮಗಳನ್ನೆಲ್ಲ ಹೊತ್ತೂ ಅದರ ತೂಕ ಒಂದು ಟನ್ ಆಸುಪಾಸಿನಲ್ಲೇ ನಿಂತಿರುವುದು ಸಣ್ಣ ಮಾತಲ್ಲ. 2019ರ ಮಾದರಿಯಿಂದ 2.0 ಲೀಟರ್ ಎಂಜಿನ್ 7,500 ಸುತ್ತಿನವರೆಗೆ ಹೋಗುತ್ತದೆ. ಅದಕ್ಕೂ ಹಿಂದಿನ 2.0 ಕೊಳ್ಳುವುದಾದರೆ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಬದಲಾಗಿದೆಯೇ ಅಂತ ಸರ್ವಿಸ್ ದಾಖಲೆಯಲ್ಲಿ ನೋಡಿ, ಶುರುವಿನವು ಒಡೆದದ್ದುಂಟು. ಓಡಿಸುವಾಗ ಎರಡನೇ, ಮೂರನೇ ಗೇರಿನಲ್ಲಿ ಗಟ್ಟಿಯಾಗಿ ಎಳೆದು, ಕಾಲು ಬಿಟ್ಟು, ಗರಗರ ಸದ್ದಿದೆಯೇ ಕಿವಿಗೊಡಿ. ಟಾಪ್ ಮುಚ್ಚಿ, ರೇಡಿಯೊ ಆರಿಸಿ.